ಕಿಡ್ನಿ ಸೋಲುವ ಮೊದಲಿನ ಹತ್ತು ವರ್ಷ

ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ಕೆಡಿಸಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟು ಕಾಲಾವಕಾಶ ಸಿಕ್ಕಿಯೂ ನಾವು ಎಚ್ಚರಗೊಳ್ಳುವುದು ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ. ವರ್ಷಕ್ಕೊಂದು ಮೂತ್ರ ಪರೀಕ್ಷೆ ಈ ಕಥೆಯನ್ನು ಬದಲಿಸಬಲ್ಲದು.

‘ಕ್ರಿಯಾಟಿನಿನ್ ನಾರ್ಮಲ್ ಇದೆ, ಕಿಡ್ನಿಗೆ ಏನೂ ತೊಂದರೆ ಇಲ್ಲ.’ ಶುಗರ್ ಇರುವವರ ಮನೆಯಲ್ಲಿ ಇಷ್ಟು ನೆಮ್ಮದಿ ಕೊಡುವ ಮಾತು ಮತ್ತೊಂದಿಲ್ಲ. ಹಲವರ ಪಾಲಿಗೆ ಇಷ್ಟು ದಾರಿ ತಪ್ಪಿಸುವ ಮಾತೂ ಮತ್ತೊಂದಿಲ್ಲ. ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿದೆ ಎಂದು ಲ್ಯಾಬ್ ವರದಿಯಲ್ಲಿ ದಪ್ಪಕ್ಷರ ಮೂಡುವ ಹೊತ್ತಿಗೆ ಮೂತ್ರಪಿಂಡಗಳ ಅರ್ಧದಷ್ಟು ಶಕ್ತಿ ಆಗಲೇ ಕರಗಿರಬಹುದು. ಬಹುತೇಕರಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಮೂತ್ರದಲ್ಲಿ ಒಂದು ಸುಳಿವು ಕಾಣಿಸಿಕೊಂಡಿರುತ್ತದೆ. ಅದನ್ನು ನೋಡಿಸಿ ಎಂದು ಯಾರೂ ಹೇಳಿರುವುದಿಲ್ಲ. ನೋಡಿಸಬೇಕೆಂದು ರೋಗಿಗೂ ಗೊತ್ತಿರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ‘ಇಂಡಿಯಾಬ್’ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಮಧುಮೇಹ ಇರುವ ಮೂವರಲ್ಲಿ ಒಬ್ಬರಿಗಾದರೂ ಜೀವಿತದ ಒಂದು ಹಂತದಲ್ಲಿ ಮೂತ್ರಪಿಂಡದ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬುದು ಜಗತ್ತಿನಾದ್ಯಂತದ ಅನುಭವ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ಆಸ್ಪತ್ರೆಗಳ ಮೇಲೆ, ನಮ್ಮ ಮನೆಗಳ ಮೇಲೆ ಏನು ಬಂದು ಬೀಳಲಿದೆ ಎಂಬುದು ತಿಳಿಯುತ್ತದೆ.

ಆದರೆ ಇದು ತಪ್ಪಿಸಲಾಗದ ವಿಧಿಯಲ್ಲ. ಕಳೆದ ನಲವತ್ತು ವರ್ಷಗಳಲ್ಲಿ, ಅದರಲ್ಲೂ 2019ರಿಂದ ಈಚೆಗೆ, ಈ ಕಾಯಿಲೆಯ ಓಟವನ್ನು ತಗ್ಗಿಸುವ ವಿದ್ಯೆ ಕೈಗೆ ಬಂದಿದೆ. ಬೇಕಾದ ಮಾತ್ರೆಗಳಲ್ಲಿ ಬಹುಪಾಲು ನಮ್ಮ ತಾಲ್ಲೂಕಿನ ಔಷಧ ಅಂಗಡಿಯಲ್ಲೇ ಸಿಗುತ್ತವೆ. ಕೊರತೆ ಇರುವುದು ಸಕಾಲದಲ್ಲಿ ಗುರುತಿಸುವುದರಲ್ಲಿ.

ಒಳಗೆ ನಡೆಯುವುದೇನು?

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನ್‌ನ ತುದಿಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಸಿಂಬಿ ಇರುತ್ತದೆ. ರಕ್ತವನ್ನು ಸೋಸುವ ಜರಡಿ ಅದೇ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಹೀಗೆ ಸೋಸಿ ಇಳಿಯುತ್ತದೆ. ಅದರಲ್ಲಿ ಒಂದೂವರೆ ಲೀಟರ್‌ನಷ್ಟು ಮಾತ್ರ ಮೂತ್ರವಾಗಿ ಹೊರಹೋಗಿ, ಉಳಿದದ್ದೆಲ್ಲ ದೇಹಕ್ಕೆ ಮರಳುತ್ತದೆ. ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್ ಕಣಗಳು ಈ ಜರಡಿಯನ್ನು ದಾಟಬಾರದು.

ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಮೊದಲು ಆಗುವುದು ನಾವು ಊಹಿಸುವುದಕ್ಕೆ ತದ್ವಿರುದ್ಧ. ಮೂತ್ರಪಿಂಡ ದುರ್ಬಲವಾಗುವುದಿಲ್ಲ, ಅತಿಯಾಗಿ ದುಡಿಯತೊಡಗುತ್ತದೆ. ಸೋಸಿ ಬಂದ ಸಕ್ಕರೆಯನ್ನು ವ್ಯರ್ಥ ಮಾಡಬಾರದೆಂದು ನೆಫ್ರಾನ್ ಅದನ್ನು ಉಪ್ಪಿನೊಂದಿಗೆ ಸೇರಿಸಿ ರಕ್ತಕ್ಕೆ ಮರಳಿಸುತ್ತದೆ. ಹಾಗಾಗಿ ನೆಫ್ರಾನ್‌ನ ಕೆಳಭಾಗಕ್ಕೆ ತಲುಪುವ ಉಪ್ಪು ಕಡಿಮೆಯಾಗುತ್ತದೆ. ಅಲ್ಲಿ ಉಪ್ಪಿನ ಪ್ರಮಾಣ ಅಳೆಯುವ ಕೋಶಗಳು ‘ಸೋಸುವ ಕೆಲಸ ಸಾಲದು’ ಎಂದು ತಪ್ಪು ತಿಳಿದು, ರಕ್ತ ತರುವ ನಾಳವನ್ನು ಇನ್ನಷ್ಟು ಹಿಗ್ಗಿಸುತ್ತವೆ. ಇತ್ತ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ರಕ್ತ ಹೊರಹೋಗುವ ನಾಳವನ್ನು ಬಿಗಿ ಮಾಡುತ್ತದೆ. ಒಳಬರುವುದು ಜಾಸ್ತಿ, ಹೊರಹೋಗುವ ದಾರಿ ಕಿರಿದು. ನಡುವೆ ಸಿಕ್ಕಿದ ಆ ಸೂಕ್ಷ್ಮ ನಾಳಗಳ ಮೇಲೆ ಹಗಲೂ ರಾತ್ರಿ ಒತ್ತಡ.

ಈ ಒತ್ತಡಕ್ಕೆ ಗೋಡೆ ದಪ್ಪಗಟ್ಟುತ್ತದೆ, ರಂಧ್ರಗಳು ಸಡಿಲವಾಗುತ್ತವೆ, ಆಲ್ಬುಮಿನ್ ಸೋರತೊಡಗುತ್ತದೆ. ಸೋರಿದ ಪ್ರೋಟೀನ್ ಮುಂದಿನ ಕೊಳವೆಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಕಾಲಕ್ರಮದಲ್ಲಿ ಆ ನೆಫ್ರಾನ್ ಗಾಯದ ಕಲೆಯಾಗಿ ಮುಗಿದುಹೋಗುತ್ತದೆ, ಅದರ ಹೊರೆ ಉಳಿದ ನೆಫ್ರಾನ್‌ಗಳ ಮೇಲೆ ಬೀಳುತ್ತದೆ. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಉರಿಯಿಲ್ಲ, ಮೂತ್ರದ ಪ್ರಮಾಣವೂ ಕುಗ್ಗುವುದಿಲ್ಲ. ಮೂತ್ರದಲ್ಲಿ ನೊರೆ ನಿಲ್ಲುವುದು, ಸಂಜೆ ಹೊತ್ತಿಗೆ ಪಾದ ಊದುವುದು, ಬೆಳಿಗ್ಗೆ ಮುಖ ಬಾತಿರುವುದು, ಊಟ ಸೇರದಿರುವುದು ಇವೆಲ್ಲ ತಡವಾಗಿ ಬರುವ ಲಕ್ಷಣಗಳು. ಅವು ಬರಲೆಂದು ಕಾಯುವವರು ಚಿಕಿತ್ಸೆಗೆ ಅತ್ಯಂತ ಅನುಕೂಲವಾದ ವರ್ಷಗಳನ್ನು ಕಳೆದುಕೊಂಡಿರುತ್ತಾರೆ.

ಎರಡು ಪರೀಕ್ಷೆ, ಎರಡು ಸಂಖ್ಯೆ

ಮೊದಲನೆಯದು ಎಸಿಆರ್. ಮೂತ್ರದಲ್ಲಿ ಆಲ್ಬುಮಿನ್ ಎಷ್ಟಿದೆ, ಕ್ರಿಯಾಟಿನಿನ್ ಎಷ್ಟಿದೆ ಎಂದು ಅಳೆದು ತೆಗೆಯುವ ಅನುಪಾತ. ಇಪ್ಪತ್ತನಾಲ್ಕು ಗಂಟೆಯ ಮೂತ್ರ ಕೂಡಿಡುವ ಕಷ್ಟವಿಲ್ಲ. ಬೆಳಗಿನ ಮೊದಲ ಮೂತ್ರ ಒಂದು ಪುಟ್ಟ ಬಾಟಲಿಯಷ್ಟು ಸಾಕು. ಫಲಿತಾಂಶ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ಸೋರಿಕೆ ಆರಂಭವಾಗಿದೆ ಎಂದರ್ಥ. 300 ದಾಟಿದರೆ ಕಾಯಿಲೆ ಬಲಿತಿದೆ. ಸಾಮಾನ್ಯ ಮೂತ್ರ ಪರೀಕ್ಷೆಯ ಕಡ್ಡಿಗೆ ಈ ನಡುವಿನ ಹಂತ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ‘ಯೂರಿನ್ ಟೆಸ್ಟ್ ಮಾಡಿಸಿದ್ದೇನೆ, ಪ್ರೋಟೀನ್ ನಿಲ್ ಬಂದಿದೆ’ ಎಂದು ಸುಮ್ಮನಾಗುವಂತಿಲ್ಲ. ಎಸಿಆರ್ ಎಂದೇ ಕೇಳಿ ಮಾಡಿಸಬೇಕು. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳು, ವಿಪರೀತ ವ್ಯಾಯಾಮ ಇವು ಲೆಕ್ಕವನ್ನು ಏರುಪೇರು ಮಾಡುತ್ತವೆ. ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ. ಮೂರರಿಂದ ಆರು ತಿಂಗಳೊಳಗೆ ಮತ್ತೆ ನೋಡಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಚಿತ.

ಎರಡನೆಯದು ಇಜಿಎಫ್‌ಆರ್. ರಕ್ತದ ಕ್ರಿಯಾಟಿನಿನ್, ವಯಸ್ಸು, ಲಿಂಗ ಇವನ್ನು ಸೂತ್ರಕ್ಕೆ ಹಾಕಿ, ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂದು ಅಂದಾಜಿಸುವುದು. 90ಕ್ಕಿಂತ ಮೇಲಿದ್ದರೆ ಚೆನ್ನ. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ. 30ಕ್ಕಿಂತ ಕೆಳಗೆ ನಾಲ್ಕನೇ ಹಂತ, 15ಕ್ಕಿಂತ ಕೆಳಗೆ ಐದನೇ ಹಂತ. ಬರೀ ಕ್ರಿಯಾಟಿನಿನ್ ನೋಡಿದರೆ ಏಕೆ ಸಾಲದು ಎಂಬುದಕ್ಕೆ ಉತ್ತರ ಇಲ್ಲಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಗದ್ದೆಯಲ್ಲಿ ದುಡಿಯುವ ಮೂವತ್ತರ ಗಟ್ಟಿಮುಟ್ಟಾದ ಗಂಡಸಿಗೂ, ಸಣಕಲು ದೇಹದ ಎಪ್ಪತ್ತರ ಅಜ್ಜಿಗೂ 1.1 ಎಂಬ ಒಂದೇ ಅಂಕಿ ಬಂದಿರಬಹುದು. ಅವನ ಮೂತ್ರಪಿಂಡ ಚೆನ್ನಾಗಿದೆ. ಅಜ್ಜಿಯದು ಆಗಲೇ ಮೂರನೇ ಹಂತಕ್ಕೆ ಇಳಿದಿದೆ.

ಟೈಪ್ 2 ಮಧುಮೇಹದವರು ಕಾಯಿಲೆ ಪತ್ತೆಯಾದ ದಿನವೇ ಈ ಎರಡೂ ಪರೀಕ್ಷೆ ಮಾಡಿಸಬೇಕು. ಏಕೆಂದರೆ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಸಕ್ಕರೆ ಒಳಗೆ ಕೆಲಸ ಶುರುಮಾಡಿರಬಹುದು. ಟೈಪ್ 1 ಇರುವವರು ಐದು ವರ್ಷದ ನಂತರ ಆರಂಭಿಸಬಹುದು. ಆಮೇಲೆ ಇಬ್ಬರೂ ವರ್ಷಕ್ಕೊಮ್ಮೆ ತಪ್ಪಿಸಬಾರದು. ಜೊತೆಗೆ ಕಣ್ಣಿನ ಪರದೆಯ ತಪಾಸಣೆ. ಕಣ್ಣಿನ ಮತ್ತು ಮೂತ್ರಪಿಂಡದ ಸೂಕ್ಷ್ಮ ನಾಳಗಳು ಒಂದೇ ಬಗೆಯ ಹಾನಿಗೆ ಒಳಗಾಗುತ್ತವೆ. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಹೋಗುತ್ತಿದ್ದು ಕಣ್ಣು ಶುದ್ಧವಾಗಿದ್ದರೆ, ಶುಗರ್ ಅಲ್ಲದೆ ಬೇರೆ ಮೂತ್ರಪಿಂಡ ಕಾಯಿಲೆ ಇರಬಹುದೇ ಎಂದು ವೈದ್ಯರು ಹುಡುಕುತ್ತಾರೆ.

ನಿಧಾನಗೊಳಿಸಲು ಕಲಿತ ಬಗೆ

ಬಾಸ್ಟನ್ನಿನಲ್ಲಿ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಎಂಬಿಬ್ಬರು ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ ಎಂಟು ಜನರ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಜರಡಿಯ ನಾಳಗಳ ನಡುವೆ ಗಂಟುಗಳಿರುವುದನ್ನು 1936ರಲ್ಲಿ ವಿವರಿಸಿದರು. ಮಧುಮೇಹದಿಂದ ಮೂತ್ರಪಿಂಡದಲ್ಲಿ ಇಂಥದ್ದೇ ಹಾನಿಯಾಗುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಆದರೆ ಮುಂದಿನ ನಲವತ್ತು ವರ್ಷ ವೈದ್ಯರ ಬಳಿ ಇದಕ್ಕೆ ಮದ್ದಿರಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಕಂಡರೆ ಇನ್ನು ಕೆಲವೇ ವರ್ಷ ಎಂದು ಕೈಚೆಲ್ಲುತ್ತಿದ್ದರು.

ಆ ನಿರಾಶೆ ಮೊದಲು ಒಡೆದದ್ದು ಡೆನ್ಮಾರ್ಕಿನಲ್ಲಿ. ಕಾರ್ಲ್ ಎರಿಕ್ ಮೊಗೆನ್ಸೆನ್, ಹಾನ್ಸ್-ಹೆನ್ರಿಕ್ ಪಾರ್ವಿಂಗ್ ಎಂಬ ವೈದ್ಯರು ರೋಗಿಗಳ ರಕ್ತದೊತ್ತಡವನ್ನು ಪಟ್ಟುಹಿಡಿದು ಇಳಿಸಿ ನೋಡಿದರು. ಪಾರ್ವಿಂಗ್ ತಂಡ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಹತ್ತೇ ಮಂದಿ. ಚಿಕಿತ್ಸೆಗೆ ಮೊದಲು ಅವರ ಸೋಸುವ ಶಕ್ತಿ ತಿಂಗಳಿಗೆ ಸರಾಸರಿ 0.91 ಮಿಲಿಲೀಟರ್ ಕುಸಿಯುತ್ತಿತ್ತು. ಒತ್ತಡ ಇಳಿದ ಮೇಲೆ ಕುಸಿತ 0.39ಕ್ಕೆ ಬಂತು. ಈ ಪುಟ್ಟ ದಶಾಂಶಗಳ ಬೆಲೆ ತಿಳಿಯಬೇಕಾದರೆ ವರ್ಷಗಳಿಗೆ ಪರಿವರ್ತಿಸಬೇಕು. ಇಜಿಎಫ್‌ಆರ್ 60 ಇರುವವರು ಮೊದಲಿನ ವೇಗದಲ್ಲಿ ಹೋದರೆ ಐದು ವರ್ಷದೊಳಗೆ 10ಕ್ಕೆ ಇಳಿದು ಡಯಾಲಿಸಿಸ್ ಹಂತ ಮುಟ್ಟುತ್ತಾರೆ. ಎರಡನೆಯ ವೇಗದಲ್ಲಿ ಹೋದರೆ ಹತ್ತು ವರ್ಷ ದಾಟುತ್ತದೆ. ಮಗಳ ಓದು ಮುಗಿಯುವುದು, ಮನೆಯ ಸಾಲ ತೀರುವುದು, ಮೊಮ್ಮಗುವನ್ನು ಎತ್ತಿ ಆಡಿಸುವುದು ಆ ನಡುವಿನ ವರ್ಷಗಳಲ್ಲೇ.

ಮುಂದಿನ ಹೆಜ್ಜೆ ಬಂದದ್ದು ಹಾವಿನ ವಿಷದಿಂದ. ಬ್ರೆಜಿಲ್ಲಿನ ಜರರಾಕಾ ಎಂಬ ಮಂಡಲದ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಸೆರ್ಜಿಯೊ ಫೆರೇರಾ ಎಂಬ ಬ್ರೆಜಿಲ್ ವಿಜ್ಞಾನಿ ಆ ವಿಷದಲ್ಲಿ ಗುರುತಿಸಿದ ಅಂಶದ ಜಾಡು ಹಿಡಿದು, ಅಮೆರಿಕದಲ್ಲಿ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಮಾತ್ರೆ ರೂಪಿಸಿದರು. ಇದು ಆಂಜಿಯೋಟೆನ್ಸಿನ್ ತಯಾರಾಗದಂತೆ ತಡೆಯುತ್ತದೆ. ಜರಡಿಯಿಂದ ಹೊರಹೋಗುವ ನಾಳ ಸಡಿಲವಾಗಿ ಒಳಗಿನ ಒತ್ತಡ ತಗ್ಗುತ್ತದೆ. ಟೈಪ್ 1 ಮಧುಮೇಹಿಗಳಲ್ಲಿ ಎಡ್ಮಂಡ್ ಲೂಯಿಸ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ, ಸಾವು, ಡಯಾಲಿಸಿಸ್, ಕಸಿ ಇವುಗಳ ಒಟ್ಟು ಅಪಾಯ ಅರ್ಧದಷ್ಟು ಇಳಿದದ್ದನ್ನು 1993ರಲ್ಲಿ ತೋರಿಸಿದರು. ಟೈಪ್ 2 ಇರುವವರಿಗೆ ಇದೇ ದಾರಿಯ ಲೊಸಾರ್ಟಾನ್, ಇರ್ಬೆಸಾರ್ಟಾನ್ ಮಾತ್ರೆಗಳ ಫಲ 2001ರಲ್ಲಿ ಸಾಬೀತಾಯಿತು. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಎಂದು ನಮ್ಮಲ್ಲಿ ಚೀಟಿಯಲ್ಲಿ ಬರೆದುಕೊಡುವ ಮಾತ್ರೆಗಳೂ ಇದೇ ಕುಟುಂಬದವು.

ಆನಂತರ ಸುಮಾರು ಹದಿನೆಂಟು ವರ್ಷ ಹೊಸದೇನೂ ಫಲಿಸಲಿಲ್ಲ. 2019ರಲ್ಲಿ ಮತ್ತೊಂದು ಬಾಗಿಲು ತೆರೆಯಿತು. ಅದರ ಬೇರು ಇದ್ದದ್ದು ಸೇಬಿನ ಮರದಲ್ಲಿ. ಫ್ಲೊರಿಜಿನ್ ಎಂಬ ಕಹಿ ಪದಾರ್ಥವನ್ನು ಸೇಬಿನ ಮರದ ತೊಗಟೆಯಿಂದ 1835ರಲ್ಲೇ ಬೇರ್ಪಡಿಸಿದ್ದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೊರಬೀಳುತ್ತದೆ ಎಂದು ಜರ್ಮನಿಯ ಫಾನ್ ಮೆರಿಂಗ್ 1886ರಲ್ಲಿ ಕಂಡುಕೊಂಡಿದ್ದ. ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಅದೇ ತತ್ವದ ಮೇಲೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಬಂದವು. ಸಕ್ಕರೆ ಇಳಿಸಲೆಂದು ತಂದ ಈ ಮಾತ್ರೆಗಳು ಮೂತ್ರಪಿಂಡವನ್ನೇ ಕಾಯುವುದು ಕಂಡುಬಂತು. ನೆಫ್ರಾನ್‌ನ ಕೆಳಭಾಗಕ್ಕೆ ಉಪ್ಪು ಮತ್ತೆ ಸರಿಯಾಗಿ ತಲುಪುವುದರಿಂದ, ಹಿಗ್ಗಿದ್ದ ಒಳನಾಳ ತನ್ನ ಅಳತೆಗೆ ಬರುತ್ತದೆ. 4,401 ರೋಗಿಗಳ ‘ಕ್ರೆಡೆನ್ಸ್’ ಅಧ್ಯಯನದಲ್ಲಿ ಕೆನಾಗ್ಲಿಫ್ಲೋಜಿನ್ ಕಿಡ್ನಿ ಸೋಲು, ಸಾವು ಮುಂತಾದವುಗಳ ಒಟ್ಟು ಅಪಾಯವನ್ನು ಶೇ 30ರಷ್ಟು ಇಳಿಸಿತು. 2020ರ ‘ಡಪಾ-ಸಿಕೆಡಿ’ಯಲ್ಲಿ 4,304 ಮಂದಿ ಇದ್ದರು, ಇಳಿಕೆ ಶೇ 39. ಎರಡನ್ನೂ ಅವಧಿಗೆ ಮೊದಲೇ ನಿಲ್ಲಿಸಲಾಯಿತು, ಏಕೆಂದರೆ ಪ್ರಯೋಜನ ಅಷ್ಟು ಸ್ಪಷ್ಟವಾಗಿತ್ತು. ಆಗಲೇ ಟೆಲ್ಮಿಸಾರ್ಟಾನ್ ಕುಟುಂಬದ ಮಾತ್ರೆ ನುಂಗುತ್ತಿದ್ದವರಿಗೆ ಸಿಕ್ಕ ಹೆಚ್ಚುವರಿ ರಕ್ಷಣೆ ಇದು. ಜೊತೆಗೆ ಫಿನೆರೆನೋನ್ ಮಾತ್ರೆ 2020ರಲ್ಲಿ, ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಚುಚ್ಚುಮದ್ದು 2024ರಲ್ಲಿ ತಮ್ಮ ಬಲ ತೋರಿಸಿದವು. ಇಂದು ವೈದ್ಯರ ಕೈಯಲ್ಲಿ ಬೇರೆ ಬೇರೆ ದಾರಿಯಿಂದ ಕಾಯುವ ನಾಲ್ಕು ಬಗೆಯ ಔಷಧಗಳಿವೆ.

ದುಬಾರಿ ಎಂಬ ಮಾತು ಈಗ ಎಲ್ಲಕ್ಕೂ ಅನ್ವಯಿಸುವುದಿಲ್ಲ. ಡಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನಲ್ಲಿ ಮುಗಿಯಿತು. ಹತ್ತಾರು ಭಾರತೀಯ ಕಂಪನಿಗಳು ತಯಾರಿಕೆಗೆ ಇಳಿದು ಬೆಲೆ ಬಹಳಷ್ಟು ಕುಸಿದಿದೆ. ದೇಶದ ಸಾಧಾರಣ ಕುಟುಂಬಕ್ಕೆ ಇದು ದೊಡ್ಡ ಸುದ್ದಿ. ಅದು ಬರಬೇಕಾದಷ್ಟು ಸದ್ದಿನೊಂದಿಗೆ ಬರಲಿಲ್ಲ.

ಮಾತ್ರೆಯ ಭಯ

‘ಶುಗರ್ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಯಿತು.’ ಈ ಮಾತನ್ನು ಕೇಳದ ಕನ್ನಡಿಗರಿಲ್ಲ. ಇದನ್ನು ನಂಬಿ ಮಾತ್ರೆ ಬಿಟ್ಟವರ ಸಂಖ್ಯೆ ಸಣ್ಣದಲ್ಲ. ಕಿಡ್ನಿಯನ್ನು ಕೆಡಿಸುವುದು ಹತೋಟಿಯಿಲ್ಲದ ಸಕ್ಕರೆ ಮತ್ತು ಹತೋಟಿಯಿಲ್ಲದ ಬಿ.ಪಿ. ಮಾತ್ರೆ ನುಂಗುತ್ತಿದ್ದವರಿಗೂ ಕಾಯಿಲೆ ಬಂದಿರಬಹುದು; ನುಂಗದಿದ್ದರೆ ಅದು ಇನ್ನೂ ಬೇಗ ಬರುತ್ತಿತ್ತು. ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಆದರೆ ಇಜಿಎಫ್‌ಆರ್ 30ಕ್ಕಿಂತ ಇಳಿದರೆ ಅದು ದೇಹದಲ್ಲಿ ಸಂಗ್ರಹವಾಗುವ ಕಾರಣ ನಿಲ್ಲಿಸುತ್ತಾರೆ. ಈ ಎರಡು ಸಂಗತಿಗಳು ಜನರ ಬಾಯಲ್ಲಿ ಬೆರೆತು ಒಂದು ಭಯವಾಗಿವೆ.

ಇನ್ನೊಂದು ಗೊಂದಲವೂ ಇದೆ. ಟೆಲ್ಮಿಸಾರ್ಟಾನ್ ಅಥವಾ ಡಪಾಗ್ಲಿಫ್ಲೋಜಿನ್ ಆರಂಭಿಸಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಬಹುದು. ಜರಡಿಯ ಮೇಲಿನ ಒತ್ತಡ ಇಳಿದಾಗ ಸೋಸುವ ಪ್ರಮಾಣವೂ ಸ್ವಲ್ಪ ಇಳಿಯುವುದು ಸಹಜ. ಮದ್ದು ಕೆಲಸ ಮಾಡುತ್ತಿರುವುದರ ಗುರುತದು. ಶೇ 30ರೊಳಗಿನ ಏರಿಕೆಗೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ, ಪೊಟ್ಯಾಶಿಯಂ ಏರಿದರೆ ವೈದ್ಯರು ಕಾರಣ ಹುಡುಕುತ್ತಾರೆ. ಹಾಗಾಗಿ ಆರಂಭಿಸಿದ ಎರಡರಿಂದ ನಾಲ್ಕು ವಾರದಲ್ಲಿ ರಕ್ತ ಪರೀಕ್ಷೆ ಅಗತ್ಯ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆ ಇರುವವರು ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಕುಟುಂಬದ ಮಾತ್ರೆ ತೆಗೆದುಕೊಳ್ಳುವಂತಿಲ್ಲ. ಡಪಾಗ್ಲಿಫ್ಲೋಜಿನ್‌ನಂಥವು ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ ತರಬಹುದು; ಶುಚಿತ್ವದಿಂದ ತಡೆಯಬಹುದು, ನಾಚಿಕೆಯಿಂದ ಮುಚ್ಚಿಡಬಾರದು. ವಾಂತಿಭೇದಿ, ತೀವ್ರ ಜ್ವರ, ಊಟ ಬಿಟ್ಟಿರುವ ದಿನಗಳಲ್ಲಿ ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು ಎಂಬುದನ್ನು ಆರೋಗ್ಯ ಚೆನ್ನಾಗಿರುವಾಗಲೇ ವೈದ್ಯರಿಂದ ಬರೆಸಿಕೊಂಡಿರಬೇಕು.

ನಿಜವಾಗಿ ಭಯಪಡಬೇಕಾದ ಮಾತ್ರೆಗಳು ಬೇರೆ ಇವೆ. ಮಂಡಿನೋವಿಗೆ, ಸೊಂಟನೋವಿಗೆ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ ಈ ಮೂರೂ ಸೇರಿದರೆ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕುಸಿಯಬಹುದು. ಹೆಸರು, ಮೂಲ ತಿಳಿಯದ ಲೋಹದ ಭಸ್ಮಗಳೂ ಅಷ್ಟೇ ಅಪಾಯ. ಕರಾವಳಿ, ಮಲೆನಾಡಿನವರು ಗಮನಿಸಬೇಕಾದ ಸಂಗತಿ ಇನ್ನೊಂದು: ಸಕ್ಕರೆ, ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕೊಳವೆಗಳನ್ನು ಮುಚ್ಚುತ್ತದೆ. ಅದರ ಸೋದರಿ ಧಾರೆಹುಳಿ, ಕಿಡ್ನಿ ಸೋತವರಲ್ಲಿ ಮಿದುಳಿಗೂ ವಿಷವಾಗುತ್ತದೆ. ಸಾರಿಗೆ ಒಂದು ಹೋಳು ಹಾಕುವುದು ಬೇರೆ, ಔಷಧವೆಂದು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿಯುವುದು ಬೇರೆ.

ಅಡುಗೆಮನೆಯ ಪಾಲು

ಊಟದ ವಿಷಯದಲ್ಲಿ ಮೊದಲ ಮಾತು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಾವು ಅದನ್ನು ಬಹಳ ಮೀರುತ್ತೇವೆ. ಪಲ್ಯ, ಸಾರಿನ ಉಪ್ಪು ಲೆಕ್ಕಕ್ಕೆ ಸಿಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಬೇಕರಿಯ ಖಾರಾ ಬಿಸ್ಕತ್ತಿನದು ಸಿಗುವುದಿಲ್ಲ. ಉಪ್ಪು ಹೆಚ್ಚಿದ್ದರೆ ಟೆಲ್ಮಿಸಾರ್ಟಾನ್‌ನಂಥ ಮಾತ್ರೆಯ ಬಲವೂ ಕುಗ್ಗುತ್ತದೆ. ‘ಲೋ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಪ್ರೋಟೀನ್ ಬಿಡಬೇಕೆ ಎಂಬ ಪ್ರಶ್ನೆ ಎಲ್ಲರದ್ದು. ಡಯಾಲಿಸಿಸ್ ಹಂತಕ್ಕೆ ಬಾರದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಸಾಕು: ಅರುವತ್ತು ಕಿಲೋ ತೂಗುವವರಿಗೆ 48 ಗ್ರಾಂ. ನಮ್ಮ ಅನ್ನ, ಮುದ್ದೆ, ರೊಟ್ಟಿಯ ಊಟ ಬಹುಮಟ್ಟಿಗೆ ಈ ಮಿತಿಯೊಳಗೇ ಇರುತ್ತದೆ. ಬೇಳೆ, ಕಾಳು, ಮೊಟ್ಟೆ ಎಲ್ಲ ಬಿಟ್ಟು ಸೊರಗುವುದು ಹೊಸ ಕಾಯಿಲೆಯನ್ನು ಕರೆದಂತೆ. ಎಳನೀರು, ಬಾಳೆಹಣ್ಣಿನ ನಿಷೇಧ ಮೊದಲ ದಿನದಿಂದ ಬೇಕಿಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಏರತೊಡಗಿದಾಗ ವೈದ್ಯರೇ ಹೇಳುತ್ತಾರೆ. ರಾಗಿ ಒಳ್ಳೆಯ ಧಾನ್ಯವೇ, ಆದರೆ ಅದರಲ್ಲೂ ಪಿಷ್ಟವಿದೆ. ಎರಡು ದೊಡ್ಡ ಮುದ್ದೆ ಸಕ್ಕರೆ ಏರಿಸದೆ ಬಿಡದು. ಬೀಡಿ, ಸಿಗರೇಟು ಈ ಕಾಯಿಲೆಯ ವೇಗ ಹೆಚ್ಚಿಸುತ್ತವೆ, ಹೃದಯವನ್ನೂ ಹೊಡೆಯುತ್ತವೆ. ಹೃದಯದ ಮಾತು ಇಲ್ಲಿ ಮುಖ್ಯ: ಮಧುಮೇಹದ ಕಿಡ್ನಿ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಡಯಾಲಿಸಿಸ್ ತಲುಪುವ ಮೊದಲೇ ಹೃದಯದ ಕಾಯಿಲೆಗೆ ಬಲಿಯಾಗುತ್ತಾರೆ. ಆದ್ದರಿಂದಲೇ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯೂ ಚಿಕಿತ್ಸೆಯ ಭಾಗ.

ಸಕ್ಕರೆ ತಾನಾಗಿ ಇಳಿದಾಗ

ಹಳೆಯ ಶುಗರ್ ರೋಗಿಯೊಬ್ಬರಿಗೆ ಒಂದು ದಿನ ಸಕ್ಕರೆ ತಾನಾಗಿ ಇಳಿಯತೊಡಗುತ್ತದೆ. ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಮನೆಯವರು ಹರಕೆ ಫಲಿಸಿತೆಂದು, ಕಷಾಯ ಕೆಲಸ ಮಾಡಿತೆಂದು ಸಂತೋಷಪಡುತ್ತಾರೆ. ಇದು ಅತ್ಯಂತ ಎಚ್ಚರದಿಂದ ನೋಡಬೇಕಾದ ಗಳಿಗೆ. ದೇಹದ ಇನ್ಸುಲಿನ್ನಿನ ಒಂದು ಪಾಲನ್ನು ವಿಲೇವಾರಿ ಮಾಡುವುದು ಮೂತ್ರಪಿಂಡ. ಅದು ಸೋತಾಗ ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ನಡುರಾತ್ರಿ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಕಾರಣವಿಲ್ಲದೆ ಸಕ್ಕರೆ ಇಳಿದರೆ ಮೊದಲು ಮಾಡಬೇಕಾದ್ದು ಇಜಿಎಫ್‌ಆರ್ ಪರೀಕ್ಷೆ.

ಇಜಿಎಫ್‌ಆರ್ 30ಕ್ಕಿಂತ ಇಳಿದವರು ಮೂತ್ರಪಿಂಡ ತಜ್ಞರ (ನೆಫ್ರಾಲಜಿಸ್ಟ್) ನಿಗಾದಲ್ಲಿರಬೇಕು. ಬರವಣಿಗೆಗೆ ಬಳಸದ ಕೈಯ ರಕ್ತನಾಳಗಳನ್ನು ಸೂಜಿ, ಡ್ರಿಪ್‌ಗಳಿಂದ ಕಾಪಾಡಿಕೊಳ್ಳಬೇಕು. ಮುಂದೆ ಡಯಾಲಿಸಿಸ್ ಬೇಕಾದರೆ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡುವುದು ಅಲ್ಲೇ. ಹೆಪಟೈಟಿಸ್ ಬಿ ಲಸಿಕೆ ಆಗಲೇ ಹಾಕಿಸಬೇಕು. ಕಸಿಗೆ ದಾನಿ ಇದ್ದರೆ ಡಯಾಲಿಸಿಸ್ ಆರಂಭಿಸುವ ಮೊದಲೇ ಕಸಿ ಮಾಡಿಸುವುದು ಉತ್ತಮ. ಮೃತ ದಾನಿಗಳ ಅಂಗಕ್ಕಾಗಿ ರಾಜ್ಯದಲ್ಲಿ ‘ಜೀವಸಾರ್ಥಕತೆ’ಯಡಿ ನೋಂದಣಿ ನಡೆಯುತ್ತದೆ.

ಗಮನದಲ್ಲಿರಲಿ

- ವರ್ಷಕ್ಕೊಮ್ಮೆ ಮೂತ್ರದ ಎಸಿಆರ್, ರಕ್ತದ ಇಜಿಎಫ್‌ಆರ್, ಕಣ್ಣಿನ ಪರದೆ ಪರೀಕ್ಷೆ. ತೊಂದರೆ ಕಂಡ ಮೇಲೆ ವೈದ್ಯರು ಹೇಳಿದಷ್ಟು ಸಲ.
- ಬಿ.ಪಿ. 130/80ಕ್ಕಿಂತ ಕೆಳಗೆ. ಮನೆಯಲ್ಲೇ ಅಳೆದು ಬರೆದಿಡುವುದು ಒಳ್ಳೆಯದು.
- ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಹೆಚ್ಚಿನವರಿಗೆ ಶೇ 7ರ ಆಸುಪಾಸು. ವಯಸ್ಸಾದವರಿಗೆ, ಸಕ್ಕರೆ ಕುಸಿಯುವ ಭಯ ಇರುವವರಿಗೆ ಗುರಿ ಸಡಿಲವಾಗಿರಲಿ.
- ನೋವಿಗೆ ಅಂಗಡಿಯಿಂದ ನೇರ ಮಾತ್ರೆ ಬೇಡ. ಯಾವ ವೈದ್ಯರ ಬಳಿ ಹೋದರೂ ‘ಶುಗರ್ ಇದೆ, ನನ್ನ ಇಜಿಎಫ್‌ಆರ್ ಇಷ್ಟು’ ಎಂದು ಮೊದಲೇ ಹೇಳಿ.
- ಆರಾಮವೆನಿಸಿತೆಂದು ಬಿ.ಪಿ., ಶುಗರ್ ಮಾತ್ರೆ ತಾವಾಗಿ ನಿಲ್ಲಿಸಬೇಡಿ.

ಹಳ್ಳಿಯಲ್ಲಿ ಸಾಧ್ಯವೇ?

ದೊಡ್ಡ ಆಸ್ಪತ್ರೆ, ತಜ್ಞ ವೈದ್ಯರು ಇಲ್ಲದ ಕಡೆ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಉತ್ತರ ನೆರೆಯ ತಮಿಳುನಾಡಿನಲ್ಲಿದೆ. ಚೆನ್ನೈನ ಹಿರಿಯ ನೆಫ್ರಾಲಜಿಸ್ಟ್ ಡಾ. ಎಂ.ಕೆ. ಮಣಿ ಮತ್ತು ಕಿಡ್ನಿ ಹೆಲ್ಪ್ ಟ್ರಸ್ಟ್ 1990ರ ದಶಕದ ಕೊನೆಯ ವೇಳೆಗೆ ನಗರದ ಹೊರವಲಯದ ಹಳ್ಳಿಗಳಲ್ಲಿ ಒಂದು ಸರಳ ಪ್ರಯತ್ನಕ್ಕೆ ಕೈಹಾಕಿದರು. ಹಳ್ಳಿಯವರಿಗೇ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿದರು. ಅವರು ಮನೆಮನೆಗೆ ಹೋಗಿ ಬಿ.ಪಿ. ಅಳೆದು, ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್ ಪರೀಕ್ಷಿಸಿದರು. ತೊಂದರೆ ಇದ್ದವರಿಗೆ ಆ ಕಾಲದ ಅತ್ಯಂತ ಅಗ್ಗದ ಮಾತ್ರೆಗಳನ್ನು ಕೊಟ್ಟು, ತಪ್ಪದೆ ನುಂಗುವಂತೆ ನೋಡಿಕೊಂಡರು. ಬಿ.ಪಿ. ಇದ್ದವರಲ್ಲಿ ಬಹುಪಾಲು ಮಂದಿಯ ಒತ್ತಡ ಹತೋಟಿಗೆ ಬಂತು. ಜನಸಂಖ್ಯೆಯ ತಲೆಗೆ ಹಂಚಿದರೆ ವರ್ಷಕ್ಕೆ ಬಿದ್ದ ಖರ್ಚು ಅರ್ಧ ಡಾಲರಿಗೂ ಕಡಿಮೆ. ಅವರ ಅನುಭವ ‘ಕಿಡ್ನಿ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಪ್ರಕಟವಾಗಿ, ಬಡ ದೇಶಗಳ ವೈದ್ಯರಿಗೆ ಮಾದರಿಯಾಯಿತು.

ಆ ಹಳ್ಳಿಗಳಲ್ಲಿ ಇಂದಿನ ಹೊಸ ಔಷಧಗಳಾವುವೂ ಇರಲಿಲ್ಲ. ಇದ್ದದ್ದು ಕ್ರಮ ಮತ್ತು ಬೆನ್ನು ಬಿಡದ ನಿಗಾ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜಾಲವಿದೆ, ಶುಗರ್, ಬಿ.ಪಿ. ತಪಾಸಣೆಯನ್ನು ಮನೆ ಬಾಗಿಲಿಗೆ ಒಯ್ಯಲು 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಇದೆ. ಇವಕ್ಕೆ ಜೋಡಿಸಬೇಕಾದ್ದು ಇಷ್ಟೇ: ಶುಗರ್ ಇದೆ ಎಂದು ಗೊತ್ತಾದ ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಎಸಿಆರ್, ಸೋರಿಕೆ ಕಂಡವರಿಗೆ ಆರೋಗ್ಯ ಕೇಂದ್ರದಲ್ಲೇ ತಿಂಗಳ ಮಾತ್ರೆ, ಬಾರದವರನ್ನು ಹುಡುಕಿಕೊಂಡು ಹೋಗುವ ಒಬ್ಬರು.

ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿತು. ಇಂದು ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಅದರಿಂದ ಜೀವ ಉಳಿಸಿಕೊಂಡವರು ಅನೇಕರು. ಅದು ಇರಲೇಬೇಕು, ಹೆಚ್ಚಬೇಕು. ಆದರೆ ಯಂತ್ರ ಉಚಿತವಾದರೂ ಅದರೊಂದಿಗಿನ ಬದುಕು ಉಚಿತವಲ್ಲ. ವಾರಕ್ಕೆ ಎರಡು ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಹೋಗಿಬರುವ ಬಸ್ಸು, ಜೊತೆಗೆ ಬರುವವರ ಕೂಲಿ ನಷ್ಟ. ದುಡಿಯುವ ವಯಸ್ಸಿನವರೊಬ್ಬರು ಆ ಹಾಸಿಗೆ ಸೇರಿದರೆ ಇಡೀ ಮನೆಯ ಲೆಕ್ಕಾಚಾರ ಬುಡಮೇಲಾಗುತ್ತದೆ. ಆ ದಿನವನ್ನು ಹತ್ತು ವರ್ಷ ಮುಂದೂಡುವುದು, ಹಲವರ ಪಾಲಿಗೆ ಬಾರದಂತೆಯೇ ಮಾಡುವುದು ಈಗ ಸಾಧ್ಯವಿದೆ.

ಶುಗರ್ ಇರುವ ಪ್ರತಿಯೊಬ್ಬರಿಗೂ ತಮ್ಮ ರಕ್ತದ ಸಕ್ಕರೆ ಎಷ್ಟೆಂದು ಬಾಯಿಪಾಠ ಇರುತ್ತದೆ. ಅಷ್ಟೇ ಚೆನ್ನಾಗಿ ತಮ್ಮ ಎಸಿಆರ್ ಎಷ್ಟು, ಇಜಿಎಫ್‌ಆರ್ ಎಷ್ಟು ಎಂಬುದೂ ತಿಳಿದಿರಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಎರಡು ಸಂಖ್ಯೆಗಳನ್ನು ಕೇಳಿ. ಪರೀಕ್ಷೆ ಆಗಿಲ್ಲವಾದರೆ ಅಂದೇ ಮಾಡಿಸಿ. ಅಪ್ಪ, ಅಮ್ಮನಿಗೆ ಶುಗರ್ ಇದ್ದರೆ ಅವರ ಪರವಾಗಿ ನೀವು ಕೇಳಿ. ಕಾಯಿಲೆ ನಿಧಾನಕ್ಕೆ ಬರುತ್ತದೆ ಎಂಬುದೊಂದೇ ಅದರ ದೌರ್ಬಲ್ಯ; ನಾವು ಅದಕ್ಕಿಂತ ಮೊದಲು ಹೊರಟರೆ ಮಾತ್ರ ಆ ದೌರ್ಬಲ್ಯ ನಮ್ಮ ಬಲವಾಗುತ್ತದೆ.